ನೆಲದಲ್ಲಿ ಉಳಿದ ಗಗನಯಾತ್ರಿ

ನಮ್ಮ ರೋಣ, ನರಗುಂದದ ಎರೆ ಸೀಮೆಯಲ್ಲಿ ಮನುಷ್ಯನಿಗೆ ಆಕಾಶದ ಕೊರತೆಯಿಲ್ಲ. ಗಜೇಂದ್ರಗಡದ ಗುಡ್ಡವನ್ನೂ ನರಗುಂದದ ಗುಡ್ಡವನ್ನೂ ಬಿಟ್ಟರೆ ಕಣ್ಣಿಗೆ ಅಡ್ಡ ಬರುವುದು ಗುಡಿಯ ಶಿಖರ, ಬದುವಿನ ಮೇಲಿನ ಬೇವು, ಬನ್ನಿ ಇಷ್ಟೇ. ಆ ಆಕಾಶವನ್ನು ನೋಡುವುದು ಇಲ್ಲಿಯವರಿಗೆ ಹವ್ಯಾಸವಲ್ಲ, ಕಸುಬು. ಬೀಜ ಹಸನುಮಾಡಿ, ಕೂರಿಗೆ ಕಟ್ಟಿ, ಮಳೆಯ ದಾರಿ ಕಾಯುವ ಜನ ಇವರು. ಒಂದೊಂದು ವರ್ಷ ಎಲ್ಲ ಸಿದ್ಧತೆಯೂ ಆಗಿರುತ್ತದೆ. ಮಳೆ ಮಾತ್ರ ಪಕ್ಕದ ತಾಲೂಕಿನಲ್ಲಿ ಸುರಿದು ಹೋಗಿರುತ್ತದೆ. ಆದುದರಿಂದಲೇ ಇರಬೇಕು, ಸಿದ್ಧನಾಗಿ ನಿಂತೂ ಹೋಗದೆ ಉಳಿದವನ ಸಂಕಟ ಈ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ.

1984ರ ಯುಗಾದಿಯ ಸುತ್ತಿನ ದಿನಗಳು. ಏಪ್ರಿಲ್ 3ರಂದು ನಮ್ಮ ವಾಯುಪಡೆಯ ರಾಕೇಶ್ ಶರ್ಮಾ ಅವರು ಸೋವಿಯತ್ ಗಗನಯಾತ್ರಿಗಳಾದ ಯೂರಿ ಮಾಲಿಷೆವ್ ಮತ್ತು ಗೆನ್ನಾದಿ ಸ್ತ್ರೆಕಾಲೊವ್ ಅವರೊಡನೆ ಬೈಕನೂರಿನಿಂದ ಸೊಯೂಜ್ ಟಿ-11 ನೌಕೆಯಲ್ಲಿ ಮೇಲೇರಿದರು. ಆಗಿನ್ನೂ ರೋಣ ಧಾರವಾಡ ಜಿಲ್ಲೆಗೆ ಸೇರಿತ್ತು. ನಮ್ಮ ಓಣಿಗೆ ಲೋಕದ ಸುದ್ದಿ ಬರುತ್ತಿದ್ದುದು ರೇಡಿಯೋ ಮತ್ತು ಪತ್ರಿಕೆಯ ಮೂಲಕ. ಶರ್ಮಾ ಅವರ ಬುತ್ತಿಯಲ್ಲಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ಸಿದ್ಧಪಡಿಸಿದ ರವೆಯ ಹಲ್ವ, ಅಂದರೆ ನಮ್ಮ ಕಡೆಯ ಶಿರಾ, ಇದೆಯೆಂದು ತಿಳಿದಾಗ ಮನೆಯ ಹೆಂಗಸರಿಗೆ ಆದ ಸಮಾಧಾನವನ್ನು ಏನೆಂದು ಹೇಳಲಿ! ಎಂಟು ದಿನ ಕಳೆದು, ಏಪ್ರಿಲ್ 11ರಂದು ಅವರು ಕ್ಷೇಮವಾಗಿ ಇಳಿದ ಸುದ್ದಿಯನ್ನು ತಂದೆಯವರು ಗಟ್ಟಿಯಾಗಿ ಓದಿ ಹೇಳಿದರು. ಎಲ್ಲವನ್ನೂ ಕೇಳಿಸಿಕೊಂಡ ಅಜ್ಜಿ ಒಂದೇ ಪ್ರಶ್ನೆ ಕೇಳಿದಳು:

"ಅಲ್ಲಪಾ, ಇಬ್ಬರು ಕಲಿಯಾಕ ಹೋಗಿದ್ರು ಅಂದಿದ್ದಿ. ಹೋದಾಂವಗ ದೇಶಾನ ಆರತಿ ಎತ್ತೇತಿ. ಹೋಗದಾಂವಗ ಯಾರು ಎತ್ತಿದ್ರು?"

ತಂದೆಯವರಿಗೆ ಉತ್ತರ ಹೊಳೆಯಲಿಲ್ಲ.

ಆ ಇನ್ನೊಬ್ಬರು ರವೀಶ್ ಮಲ್ಹೋತ್ರಾ. 1943ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ವಾಯುಪಡೆಯ ಪೈಲಟ್ ಆಗಿ, ಬೆಂಗಳೂರಿನಲ್ಲಿ ವಿಮಾನಗಳ ಪರೀಕ್ಷಕರಾಗಿ ಕೆಲಸ ಮಾಡಿದವರು. ಹೊಸ ವಿಮಾನವೊಂದು ನಂಬಿಕೆಗೆ ಅರ್ಹವೇ ಎಂಬುದನ್ನು ತನ್ನ ಪ್ರಾಣವನ್ನೇ ಪಣವಾಗಿಟ್ಟು ನೋಡಿ ಹೇಳುವುದು ಪರೀಕ್ಷಾ ಪೈಲಟ್ಟನ ಕೆಲಸ. 1982ರಲ್ಲಿ ಶರ್ಮಾ ಮತ್ತು ಮಲ್ಹೋತ್ರಾ ಇಬ್ಬರೂ ಆಯ್ಕೆಯಾಗಿ ಮಾಸ್ಕೋ ಬಳಿಯ ತಾರಾನಗರಕ್ಕೆ ಹೋದರು. ಅಲ್ಲಿ ಇಬ್ಬರಿಗೂ ಒಂದೇ ಪಾಠ, ಒಂದೇ ರಷ್ಯನ್ ಭಾಷೆ, ಒಂದೇ ಕಠಿಣ ತರಬೇತಿ. ಕೊನೆಗೆ ಶರ್ಮಾ ಮೊದಲ ತಂಡಕ್ಕೆ ಸೇರಿದರು. ಮಲ್ಹೋತ್ರಾ ಅವರು ಬೆರೆಜೊವೊಯ್ ಮತ್ತು ಗ್ರೆಚ್ಕೊ ಅವರೊಡನೆ ಬದಲಿ ತಂಡದಲ್ಲಿ ಉಳಿದರು.

ಬದಲಿ ಎಂದರೆ ಸುಮ್ಮನೆ ಕುಳಿತವನೆಂದು ತಿಳಿಯಬಾರದು. ಕೊನೆಯ ಗಳಿಗೆಯಲ್ಲಿ ಮೊದಲಿನವನಿಗೆ ಒಂದು ಜ್ವರ ಬಂದರೂ ಸಾಕು, ಇವನು ಏರಬೇಕು. ಹಾಗೆ ಆದದ್ದೂ ಉಂಟು. 1971ರಲ್ಲಿ ಸೊಯೂಜ್-11ರ ಉಡಾವಣೆಗೆ ಕೆಲವೇ ದಿನಗಳಿದ್ದಾಗ ಕುಬಾಸೊವ್ ಎಂಬವರ ಶ್ವಾಸಕೋಶದಲ್ಲಿ ವೈದ್ಯರಿಗೆ ಏನೋ ಕಲೆ ಕಂಡಿತು. ಇಡೀ ತಂಡವನ್ನೇ ಇಳಿಸಿ ಬದಲಿ ತಂಡವನ್ನು ಕಳಿಸಿದರು. ದೊಬ್ರೊವೊಲ್‌ಸ್ಕಿ, ವೋಲ್ಕೊವ್, ಪಾತ್ಸಾಯೆವ್ ಈ ಮೂವರೂ ಬಾಹ್ಯಾಕಾಶದಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಇದ್ದು, ಮರಳುವಾಗ ನೌಕೆಯೊಳಗಿನ ಗಾಳಿ ಸೋರಿಹೋಗಿ ಜೂನ್ 30ರಂದು ತೀರಿಕೊಂಡರು. ಉಳಿದವನು ಅದೃಷ್ಟಹೀನನೋ, ಹೋದವನೋ, ಯಾರು ಹೇಳಬಲ್ಲರು? ಬದಲಿಯಾಗಿ ನಿಲ್ಲಲು ಒಪ್ಪಿದವನು ಕೀರ್ತಿಯ ಪಾಲನ್ನು ಬಿಟ್ಟುಕೊಟ್ಟಿರುತ್ತಾನೆ. ಅಪಾಯದ ಪಾಲನ್ನು ಬಿಟ್ಟಿರುವುದಿಲ್ಲ.

ಇಂಥವರು ಆಕಾಶದ ವ್ಯವಹಾರದಲ್ಲಿ ಮಾತ್ರ ಇರುವರೆಂದಲ್ಲ. ನಮ್ಮ ಕಾಕಾ ಒಬ್ಬರು ಊರ ದೊಡ್ಡಾಟದಲ್ಲಿ ಅರ್ಜುನನ ಪಾತ್ರವನ್ನು ಹನ್ನೆರಡು ವರ್ಷ ತಾಲೀಮು ಮಾಡಿದರು. ಮುಖ್ಯ ಪಾತ್ರಧಾರಿಯ ಆರೋಗ್ಯ ಮಾತ್ರ ಕಲ್ಲಿನಂತಹದು. ಒಂದು ವರ್ಷವೂ ಅವನಿಗೆ ನೆಗಡಿಯಾಗಲಿಲ್ಲ! ಕಾಕಾ ಹಿಮ್ಮೇಳದಲ್ಲಿ ನಿಲ್ಲುವರು. ನಡುರಾತ್ರಿ ಅರ್ಜುನನಿಗೆ ಮಾತು ತಪ್ಪಿದರೆ ಹಿಂದಿನಿಂದ ಮೆಲ್ಲನೆ ಇವರ ದನಿ ಬರುವುದು. ಜನ ಭುಜಕೀರ್ತಿ ಕಟ್ಟಿದವನಿಗೆ ಚಪ್ಪಾಳೆ ತಟ್ಟುವರು. "ಬ್ಯಾಸರ ಆಗೂದಿಲ್ಲೇನ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ. "ನಾ ಹಿಂದ ಅದೀನಿ ಅಂತ ಗೊತ್ತಿದ್ದಕ್ಕನ ಅಂವ ಮುಂದ ಧೈರ್ಯಾಲೆ ಕುಣೀತಾನ" ಎಂದರು. ಆ ಮಾತಿನಲ್ಲಿ ಕಹಿಯಿರಲಿಲ್ಲ. ನೋವು ಸ್ವಲ್ಪವೂ ಇರಲಿಲ್ಲವೆಂದು ನಾನು ಹೇಳಲಾರೆ.

ಹಾರಿಬಂದ ಮೂವರಿಗೆ ದೇಶ ಅಶೋಕಚಕ್ರವನ್ನಿತ್ತಿತು. ಮಲ್ಹೋತ್ರಾ ಅವರಿಗೆ ಕೀರ್ತಿಚಕ್ರವನ್ನಿತ್ತಿತು. ಸರಕಾರ ಮರೆಯಲಿಲ್ಲ, ಜನ ಮರೆತರು. ಅವರು ಮಾತ್ರ ತಮ್ಮ ಕೆಲಸಕ್ಕೆ ಮರಳಿದರು: ದಿಲ್ಲಿ ಬಳಿಯ ಹಿಂಡನ್ ವಾಯುನೆಲೆಯ ಮುಖ್ಯಸ್ಥರಾದರು, ಏರ್ ಕಮೊಡೋರ್ ಪದವಿಯವರೆಗೆ ಏರಿ ನಿವೃತ್ತರಾದರು, ಆಮೇಲೆ ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿ ಸೇರಿ ವಿಮಾನದ ಬಿಡಿಭಾಗ ತಯಾರಿಸುವ ಉದ್ಯಮದಲ್ಲಿ ತೊಡಗಿದರು. ಶರ್ಮಾ ಅವರೂ ಹಾಗೆಯೇ. ಹಿಂದುಸ್ತಾನ್ ಏರೋನಾಟಿಕ್ಸ್‌ನ ಪರೀಕ್ಷಾ ಪೈಲಟ್ಟರಾಗಿ ನಾಸಿಕದಲ್ಲಿಯೂ ಬಳಿಕ ಬೆಂಗಳೂರಿನಲ್ಲಿಯೂ ಕೆಲಸ ಮಾಡಿದರು. ಎಂಟು ದಿನದ ಯಾನ ಇಬ್ಬರ ಬಾಳನ್ನೂ ಬೇರೆಮಾಡಿತೆಂದು ನಾವು ತಿಳಿಯುತ್ತೇವೆ. ಮಿಕ್ಕ ಸಾವಿರಾರು ದಿನ ಇಬ್ಬರೂ ಮಾಡಿದ್ದು ಒಂದೇ ಕಸುಬು.

2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗಲೂ ಅವರ ಹಿಂದೆ ಒಬ್ಬರು ಸಿದ್ಧರಾಗಿ ನಿಂತಿದ್ದರು: ಪ್ರಶಾಂತ್ ಬಾಲಕೃಷ್ಣನ್ ನಾಯರ್. ಇಬ್ಬರೂ ವಾಯುಪಡೆಯ ಪರೀಕ್ಷಾ ಪೈಲಟ್ಟರೇ. ಆ ಸಲ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರು, ಮೆಂತ್ಯೆಯ ಕಾಳುಗಳೂ ಮೇಲೆ ಹೋಗಿ ಮೊಳಕೆಯೊಡೆದವು. ಮುಂಗಾರಿಗೆ ನಮ್ಮ ಹೊಲಗಳಲ್ಲಿ ಬಿತ್ತುವ ಅದೇ ಹೆಸರು! ನಮ್ಮವರಿಗೆ ಹಿಗ್ಗು ಹಿಡಿಸಲಾರದಷ್ಟಾಯಿತು. ಆದರೆ ವಿಜ್ಞಾನದ ಪದ್ಧತಿ ಬಲ್ಲವರನ್ನು ಕೇಳಿ ನೋಡಿ. ಮೇಲೆ ಮೊಳೆತ ಕಾಳಿಗೆ ಏನಾಯಿತೆಂದು ತಿಳಿಯಬೇಕಾದರೆ, ಅದರ ಜೊತೆಗೆ ಹೋಲಿಸಲು ನೆಲದಲ್ಲಿ ಮೊಳೆತ ಕಾಳೂ ಬೇಕು. ಕೆಳಗಿನದು ಇಲ್ಲದೆ ಮೇಲಿನದಕ್ಕೆ ಅರ್ಥವಿಲ್ಲ.

ಪ್ರತಿ ಮನೆಯಲ್ಲಿಯೂ, ಪ್ರತಿ ಕಚೇರಿಯಲ್ಲಿಯೂ ಹೀಗೆ ಕಲಿತು, ಸಿದ್ಧರಾಗಿ, ಇನ್ನೊಬ್ಬರ ಬೆನ್ನ ಹಿಂದೆ ನಿಂತವರೊಬ್ಬರು ಇದ್ದೇ ಇರುತ್ತಾರೆ. ಹಾರಿ ಬಂದವರಿಗೆ ಆರತಿ ಎತ್ತುವುದು ಸರಿಯೇ. ತಟ್ಟೆಯ ದೀಪ ಆರುವ ಮೊದಲು ಅದನ್ನು ಒಂದಿಷ್ಟು ಇವರ ಕಡೆಗೂ ತಿರುಗಿಸಿದರೆ ಎಣ್ಣೆಯೇನೂ ಹೆಚ್ಚು ಖರ್ಚಾಗಲಾರದು.