ಬಾಣಂತನಕ್ಕೆ ಹೋದವಳು ಹಾರಿದ್ದು

ಬಾಣಂತನಕ್ಕೆಂದು ವಿದೇಶಕ್ಕೆ ಹೋದ ತಾಯಂದಿರ ಪುರಾಣಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಸಾರಿನ ಪುಡಿಯ ಪೊಟ್ಟಣ ವಿಮಾನ ನಿಲ್ದಾಣದಲ್ಲಿ ಒಡೆದದ್ದು, ಒಗ್ಗರಣೆಯ ಹೊಗೆಗೆ ಮನೆಯ ಗಂಟೆ ಬಡಿದುಕೊಂಡದ್ದು, ಇತ್ಯಾದಿ. ಅವೆಲ್ಲ ನನಗೂ ಆದವು. ಆದರೆ ಎಂಜಿನ್ ನಿಂತ ವಿಮಾನದಲ್ಲಿ ಕೂತು ಯಾರದೋ ಗೋಧಿ ಹೊಲಕ್ಕೆ ಇಳಿದವಳು ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

2018ರ ಆಗಸ್ಟ್. ಮಗಳಿಗೆ ಏಳು ತಿಂಗಳು ತುಂಬಿತ್ತು. ಗಳಿಕೆ ರಜೆ ಹಾಕಿ ಜರ್ಮನಿಯ ಫುಲ್ಡಾ ಊರಿಗೆ ಹೋಗಿದ್ದೆ. ಅಳಿಯನ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಒಂದು ಭಾನುವಾರ ನಮ್ಮನ್ನು ಹತ್ತಿರದ ಸಣ್ಣ ವಿಮಾನ ಮೈದಾನಕ್ಕೆ ಕರೆದರು. ಅವರಿಗೆ ಮೋಟಾರು ಗ್ಲೈಡರಿನ ಹುಚ್ಚು. ಗ್ಲೈಡರಿನ ಹಾಗೆಯೇ ಉದ್ದನೆಯ ರೆಕ್ಕೆ. ಆದರೆ ಇನ್ನೊಂದು ವಿಮಾನ ಎಳೆದುಕೊಂಡು ಹೋಗಬೇಕಾಗಿಲ್ಲ, ತನ್ನದೇ ಪುಟ್ಟ ಎಂಜಿನ್‌ನಿಂದ ಮೇಲೇರುತ್ತದೆ. ಪಕ್ಕಪಕ್ಕದಲ್ಲಿ ಇಬ್ಬರು ಕೂರಬಹುದು.

ಅಲ್ಲಿಂದ ಕಾಣುತ್ತಿದ್ದ ಬೆಟ್ಟವನ್ನು ತೋರಿಸಿ, "ಅದು ವಾಸರ್‌ಕುಪ್ಪೆ, 950 ಮೀಟರ್ ಎತ್ತರ. ನಮ್ಮ ಗ್ಲೈಡಿಂಗ್ ಬೆಳೆದದ್ದೇ ಅಲ್ಲಿ" ಎಂದರು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಎಂಜಿನ್ ಇರುವ ವಿಮಾನಗಳ ಮೇಲೆ ನಿರ್ಬಂಧ ಬಿತ್ತಂತೆ. ಹಾರುವ ಹುಚ್ಚು ಬಿಡದ ಹುಡುಗರು ಎಂಜಿನ್ ಇಲ್ಲದೆಯೇ ಹಾರುತ್ತೇವೆಂದು 1920ರಲ್ಲಿ ಆ ಗುಡ್ಡದ ಮೇಲೆ ಸ್ಪರ್ಧೆ ನಡೆಸಿದರಂತೆ. ನನಗೆ ನಾಚಿಕೆಯಾಯಿತು. ಬಿ.ಎ., ಬಿ.ಎಡ್. ಮಾಡಿ ಇಷ್ಟು ವರ್ಷ ಸಮಾಜ ಪಾಠ ಹೇಳಿದವಳು. 1919ರ ವರ್ಸೇಲ್ಸ್ ಒಪ್ಪಂದದ ನಿಬಂಧನೆಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಸೈನ್ಯ ಒಂದು ಲಕ್ಷ ಮೀರಬಾರದು, ವಾಯುಪಡೆ ಇರಬಾರದು, ಎರಡು ಅಂಕ. ಅದರ ಬೆನ್ನಿಗೆ ಇಂಥದೊಂದು ಕತೆ ಇದೆಯೆಂದು ಯಾರೂ ನನಗೆ ಹೇಳಿರಲಿಲ್ಲ.

"ಬರುತ್ತೀರಾ?" ಎಂದರು. ಮಗಳು ನನ್ನ ಕೈ ಹಿಡಿದಳು. "ಬೇಡಮ್ಮ, ಏನಾದರೂ ಆದರೆ?" ಆಗ ನಾನು ಆಡಬಾರದ ಒಂದು ಮಾತು ಆಡಿದೆ: "ನಿಮ್ಮಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ಹತ್ತಿ ಕೂತಿರುತ್ತಿದ್ದರು." ಅವರು ಹೋಗಿ ನಾಲ್ಕು ವರ್ಷವಾಗಿತ್ತು. ಮಗಳು ಕೈ ಬಿಟ್ಟಳು.

ಸೀರೆಯುಟ್ಟು ಅದರೊಳಗೆ ಹತ್ತಿ ಕೂತ ಸಾಹಸವನ್ನು ವರ್ಣಿಸುವುದಿಲ್ಲ. ಸೆರಗು ಹಿಡಿಕೆಗೆ ಸಿಕ್ಕಿಕೊಳ್ಳಬಾರದೆಂದು ಆ ಹಿರಿಯರು ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಲು ಹೇಳಿದರು. ಮೇಲೆ ಹೋದಮೇಲೆ ಕೆಳಗಿನ ಹೊಲಗಳು ಸಂಡಿಗೆ ಒಣಹಾಕಿದ ಪಂಚೆಗಳ ಹಾಗೆ ಕಂಡವು. ಸುಮಾರು ಇಪ್ಪತ್ತು ನಿಮಿಷವಾಗಿರಬಹುದು. ಅವರು ಒಂದು ಗಡಿಯಾರದಂಥದರ ಮೇಲೆ ಬೆರಳಿನಿಂದ ತಟ್ಟಿದರು. ಮತ್ತೆ ತಟ್ಟಿದರು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಬೀಳುತ್ತಿತ್ತು. ಎಣ್ಣೆಯಿಲ್ಲದೆ ಓಡಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ ಎಂದು ಹೇಳಿ ಅವರೇ ಅದನ್ನು ಬಂದ್ ಮಾಡಿದರು.

ತರಗತಿಯಲ್ಲಿ ಇದ್ದಕ್ಕಿದ್ದಂತೆ ಗದ್ದಲ ನಿಂತರೆ ಮೇಷ್ಟರುಗಳಿಗೆ ಭಯ. ಏನೋ ಕಿತಾಪತಿ ನಡೆದಿದೆ ಎಂದೇ ಅರ್ಥ. ಅಂಥದೇ ನಿಶ್ಶಬ್ದ. ಗಾಳಿಯ ಸುಯ್ ಎಂಬ ಸದ್ದು ಮಾತ್ರ. ಮುಂದಿನ ಪಂಖ ಅಲುಗದೆ ನಿಂತಿತ್ತು. "ಹೆದರಬೇಡಿ, ಈಗ ಇದು ಬರೀ ಗ್ಲೈಡರ್. ಒಂದು ಮೀಟರ್ ಇಳಿಯುವಷ್ಟರಲ್ಲಿ ಇಪ್ಪತ್ತು ಮೀಟರ್ ಮುಂದೆ ಹೋಗುತ್ತದೆ" ಎಂದರು. ನೆಲದಿಂದ 600 ಮೀಟರ್ ಮೇಲಿದ್ದೆವು. ಲೆಕ್ಕದಂತೆ 12 ಕಿಲೋಮೀಟರ್. ಆದರೆ ಮೈದಾನದ ಕಡೆಗೆ ಎದುರುಗಾಳಿ, ನಡುವೆ ಕಾಡು ತುಂಬಿದ ಒಂದು ಗುಡ್ಡ. ಲೆಕ್ಕದ ಪುಸ್ತಕದಲ್ಲಿ ಗುಡ್ಡ ಇರುವುದಿಲ್ಲ.

ದೇವರ ನೆನಪಾಯಿತೆ ಎಂದು ಆಮೇಲೆ ಎಲ್ಲರೂ ಕೇಳಿದರು. ಸುಳ್ಳು ಯಾಕೆ ಹೇಳಲಿ, ನೆನಪಾದದ್ದು ಅಂಟಿನುಂಡೆ. ಅಂಟು ಕರಿದು ಉಂಡೆ ಕಟ್ಟುವುದು ಮಗಳಿಗೆ ಬರುವುದಿಲ್ಲ. ಅವಳಿಗೆ ಯಾರು ಮಾಡಿಕೊಡುತ್ತಾರೆ? ಅದರ ಹಿಂದೆಯೇ ನಮ್ಮವರ ಸ್ಕೂಟರ್. ಅವರದೊಂದು ಚಟವಿತ್ತು: ಇಳಿಜಾರು ಬಂದರೆ ಸಾಕು, ಪೆಟ್ರೋಲ್ ಉಳಿಯಲೆಂದು ಎಂಜಿನ್ ಬಂದ್ ಮಾಡಿ ಬಿಟ್ಟುಬಿಡುತ್ತಿದ್ದರು. ಹಿಂದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ನಾನು ಬೈಯುತ್ತಿದ್ದೆ. "ಸದ್ದಿಲ್ಲದೆ ಹೋಗೋದು ಎಷ್ಟು ಚೆನ್ನಾಗಿರುತ್ತೆ, ಸುಮ್ಮನೆ ಕೂತ್ಕೊಳೆ" ಎನ್ನುತ್ತಿದ್ದರು. ಇಪ್ಪತ್ತೈದು ವರ್ಷ ಅದು ಪೆಟ್ರೋಲಿನ ಜಿಪುಣತನ ಎಂದೇ ನಂಬಿದ್ದೆ.

ಆ ಹಿರಿಯರು ಮೈದಾನದ ಆಸೆ ಬಿಟ್ಟು, ಕೊಯ್ಲಾದ ಒಂದು ಹೊಲವನ್ನು ಆರಿಸಿಕೊಂಡರು. ತಂತಿಗಳಿಲ್ಲ, ಗಾಳಿಗೆದುರು, ಸ್ವಲ್ಪ ಏರು. ಏರು ಹೊಲವಾದರೆ ಬೇಗ ನಿಲ್ಲುತ್ತದಂತೆ. ಒಂದು ಹಿಡಿಕೆ ಎಳೆದರು. ರೆಕ್ಕೆಗಳ ಮೇಲೆ ಹಲಗೆಗಳೆದ್ದು ವಿಮಾನ ಕುಸಿದಂತಾಯಿತು. ಬೇಲಿ ನಮ್ಮ ಕಾಲಡಿಯೇ ಹಾದುಹೋಯಿತು. ಒಂದು ಕುಕ್ಕು, ಇನ್ನೊಂದು ಕುಕ್ಕು, ಕೂಳೆಯ ಚರಚರ ಸದ್ದು. ನಿಂತಿತು. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅವರಿಗೂ ಭಯವಾಗಿತ್ತೆಂದು ನನಗೆ ತಿಳಿದದ್ದು ಆಗಲೇ.

ಹೊಲದ ಯಜಮಾನ ಟ್ರ್ಯಾಕ್ಟರಿನಲ್ಲಿ ಬಂದ. ಬೈಯುತ್ತಾನೆಂದುಕೊಂಡೆ, ಮೊದಲು ನನ್ನನ್ನು, ಆಮೇಲೆ ಸೀರೆಯನ್ನು ನೋಡಿ ಮನೆಗೆ ಫೋನ್ ಮಾಡಿದ. ಅವನ ಹೆಂಡತಿ ಒಂದು ಮಡಿಸುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ ತಂದಳು. ನನಗೆ ಬರುತ್ತಿದ್ದ ಜರ್ಮನ್ ಮಾತು 'ಡಾಂಕೆ' ಒಂದೇ. ಐದಾರು ಸಲ ಹೇಳಿದೆ. ಎಣ್ಣೆಯ ಕೊಳವೆಯ ಜೋಡಣೆ ಸಡಿಲವಾಗಿತ್ತೆಂದು ಆ ವಾರ ಗೊತ್ತಾಯಿತು.

ಒಂದು ಗಂಟೆಯ ಮೇಲೆ ಮಗಳು, ಅಳಿಯ ಕಾರಿನಲ್ಲಿ ಬಂದರು. ಅಳಿಯ "ಅತ್ತೆ, ಪೆಟ್ಟಾಯ್ತಾ?" ಎಂದು ಓಡಿಬಂದ. ಮಗಳು ಓಡುವ ಹಾಗಿರಲಿಲ್ಲ. ನಿಧಾನವಾಗಿ ಬಂದು, ನಾನು ಎದ್ದು ಬಿಟ್ಟ ಕುರ್ಚಿಯಲ್ಲಿ ಕೂತು, ನನ್ನ ಸೆರಗನ್ನು ಎಳೆದುಕೊಂಡು ಅಂಟಿದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ಕೀಳತೊಡಗಿದಳು.

"ಇನ್ನೊಂದು ಸಲ ಅಪ್ಪನ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬೇಡ" ಎಂದಳು.

"ಇಲ್ಲ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ, ತಲೆಯೆತ್ತದೆ, "ಎಂಜಿನ್ ನಿಂತಾಗ ಹೇಗಿತ್ತು?" ಎಂದು ಕೇಳಿದಳು. ಸ್ಕೂಟರಿನದು ಹೇಳಿದೆ. ಅಂಟಿನುಂಡೆಯದೂ ಹೇಳಿದೆ. ಅವಳು ನಗಲಿಲ್ಲ. "ಈ ವಾರವೇ ಮಾಡಿ ಡಬ್ಬಿಗೆ ಹಾಕಿಡು" ಎಂದಳು.