ಬೈಲಕುಪ್ಪೆಗೂ ಲ್ಹಾಸಾಕ್ಕೂ ನಡುವೆ

ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿಯಲ್ಲಿ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವ ಮೊದಲೇ ಎಡಕ್ಕೆ ತಿರುಗಿದರೆ, ಪ್ರವಾಸಿಗನ ಎದುರಿಗೆ ಬೇರೊಂದು ದೇಶವೇ ತೆರೆದುಕೊಳ್ಳುತ್ತದೆ. ಮುಸುಕಿನ ಜೋಳದ ಹೊಲಗಳ ಬದಿಯಲ್ಲಿ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು. ಕಡುಗೆಂಪು ವಸ್ತ್ರವನ್ನು ಹೊದ್ದ ಭಿಕ್ಷುಗಳು. ಜಪಚಕ್ರವನ್ನು ತಿರುಗಿಸುತ್ತ ಪ್ರದಕ್ಷಿಣೆ ಬರುವ ಅಜ್ಜಿಯರು. ಇದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ.

1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಹಸ್ರಾರು ಜನ ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ಸರ್ಕಾರವಿತ್ತ ಸುಮಾರು 3,000 ಎಕರೆ ಭೂಮಿಯಲ್ಲಿ, ಕಾಡನ್ನು ಕಡಿದು ಆನೆಗಳ ಹಾವಳಿಯನ್ನು ಸಹಿಸಿ, ಅವರು ಮೊದಲ ವಸತಿಯನ್ನು ಕಟ್ಟಿಕೊಂಡರು. 1963ರಲ್ಲಿ ಪೆನೋರ್ ರಿಂಪೋಚೆ ಅವರು ನಾಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಅಲ್ಲಿನ ಗೋಲ್ಡನ್ ಟೆಂಪಲ್‌ನ ಭವ್ಯ ವಿಗ್ರಹಗಳ ಛಾಯಾಚಿತ್ರ ತೆಗೆದುಕೊಂಡು ಹಿಂದಿರುಗುವವರೇ ಹೆಚ್ಚು. ಆದರೆ ಈ ಊರಿನ ನಿಜವಾದ ಕಥೆ ಯಾವ ಛಾಯಾಚಿತ್ರಕ್ಕೂ ಸಿಗುವಂಥದಲ್ಲ.

ಹಿಮಾಲಯದಾಚೆ ಉಳಿದ ಬಂಧುಗಳ ಕ್ಷೇಮಸಮಾಚಾರಕ್ಕೆ ಒಂದು ಕಾಲದಲ್ಲಿ ಅಪರೂಪದ ಪತ್ರ, ಇಲ್ಲವೆ ನೇಪಾಳದ ಹಾದಿಯಾಗಿ ಬಂದವರ ಬಾಯಿಮಾತು, ಇಷ್ಟೇ ಆಧಾರ. ಕೈಗೆ ಫೋನು ಬಂದ ಬಳಿಕ ಆ ಮೌನ ಮುರಿಯಿತು. ವೀಚಾಟ್ ಎಂಬ ಚೀನೀ ಜಾಲತಾಣದಲ್ಲಿ ಗುಂಡಿಯೊತ್ತಿ ಆಡಿದ ಮಾತು ಕ್ಷಣಮಾತ್ರದಲ್ಲಿ ಟಿಬೆಟ್ಟನ್ನು ಮುಟ್ಟುತ್ತಿತ್ತು. ಅಕ್ಷರ ಬಾರದ ವೃದ್ಧರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೇನಿದ್ದೀತು? ಆದರೆ ಆ ಮಾತುಗಳನ್ನು ಆಲಿಸುವ ಕಿವಿಗಳು ಬೇರೆಯೂ ಇದ್ದವು. ಹೊರಗಿನವರೊಡನೆ ಸಂಪರ್ಕವಿರಿಸಿದ ಕಾರಣಕ್ಕೇ ಟಿಬೆಟ್ಟಿನಲ್ಲಿ ಸೆರೆಯಾದವರುಂಟು. ಆದುದರಿಂದ ಮಳೆ, ಬೆಳೆ, ಆರೋಗ್ಯಗಳನ್ನು ದಾಟದಂತೆ ಜನ ತಮ್ಮ ಮಾತಿಗೆ ತಾವೇ ಬೇಲಿ ಹಾಕಿಕೊಳ್ಳುತ್ತಿದ್ದರು. 2020ರ ಜೂನ್ 29ರಂದು ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ವೀಚಾಟ್ ಕೂಡ ಅದರಲ್ಲಿ ಸೇರಿತು. ಭಾರತದಲ್ಲಿದ್ದ ಎಷ್ಟೋ ಟಿಬೆಟನ್ ಕುಟುಂಬಗಳಿಗೆ ತಾಯಿಯ ದನಿ ಕೇಳುವ ದಾರಿಯೇ ಮುಚ್ಚಿಹೋಯಿತು.

ಇಷ್ಟಾದರೂ, ಗಡಿಯನ್ನು ದಾಟಿ ಬಂದು ನೆಲೆನಿಂತ ವಸ್ತುವೊಂದಿದೆ. 2008ರ ಪ್ರತಿಭಟನೆಗಳ ತರುವಾಯ ಟಿಬೆಟ್ಟಿನೊಳಗೆ ‘ಲ್ಹಕರ್’, ಅಂದರೆ ಶ್ವೇತ ಬುಧವಾರ, ಎಂಬ ಆಚರಣೆ ಹುಟ್ಟಿತು. ದಲೈಲಾಮಾ ಅವರಿಗೆ ಮಂಗಳಕರವೆಂದು ನಂಬಿರುವ ಆ ವಾರ ಅನ್ಯಭಾಷೆಯ ಬೆರಕೆಯಿಲ್ಲದ ಟಿಬೆಟನ್ ಮಾತಾಡುವುದು, ‘ಛುಪಾ’ ಎಂಬ ಸಾಂಪ್ರದಾಯಿಕ ನಿಲುವಂಗಿಯನ್ನು ಧರಿಸುವುದು, ತಮ್ಮ ಅಡಿಗೆಯನ್ನೇ ಉಣ್ಣುವುದು – ಇಷ್ಟೇ ವ್ರತ. ಜಾಲತಾಣಗಳ ಮೂಲಕ ಇದು ದೇಶಾಂತರದ ತರುಣರನ್ನು ತಲುಪಿತು. ನ್ಯೂಯಾರ್ಕಿನಲ್ಲಿ ಹುಟ್ಟಿದ ಮಕ್ಕಳೂ ‘ಗೋರ್ಶೆ’ ಎಂಬ ವರ್ತುಲನೃತ್ಯಕ್ಕೆ ಹೆಜ್ಜೆ ಹಾಕತೊಡಗಿದರು. ಇಲ್ಲಿ ಕಲಿಸಿದವರು ನಾಡಿನೊಳಗೆ ಉಳಿದವರು. ಕಲಿತವರು ಹೊರಗೆ ಹೋದವರು.

ಈಗ ಬೈಲಕುಪ್ಪೆಯ ತರುಣರೂ ಅಮೆರಿಕ, ಕೆನಡ, ಯೂರೋಪುಗಳತ್ತ ಹೊರಟಿದ್ದಾರೆ. ಅವರ ಮನೆಗಳಲ್ಲಿ ಉಳಿದ ಹಿರಿಯರ ಕೈಯಲ್ಲಿ ಎರಡು ಎಳೆಗಳಿವೆ: ಒಂದು ಹುಟ್ಟಿದ ನಾಡಿನದು, ಇನ್ನೊಂದು ಮಕ್ಕಳ ನಾಡಿನದು. ಎರಡನ್ನೂ ಹಿಡಿದಿರುವುದು ಪರರ ಒಡೆತನದ ಯಂತ್ರ. ಅದು ಯಾವ ಗಳಿಗೆಯಲ್ಲಾದರೂ ಕಡಿಯಬಹುದು. ಫೋನು ಮಾತನ್ನು ಸಾಗಿಸಬಲ್ಲದು, ಹುಟ್ಟಿಸಲಾರದು. ಅದು ಮೂಕವಾದ ದಿನವೂ ಮನೆಯೊಳಗೆ ಮಾತು ನಡೆಯುತ್ತಿರಬೇಕು. ಬೆರಕೆಯಿಲ್ಲದೆ ನಾಲ್ಕು ಮಾತಾಡಲು ತಡವರಿಸುವ ನಾವು ಕನ್ನಡಿಗರೂ ಒಂದು ಬುಧವಾರವನ್ನು ಇವರಿಂದ ಕಡ ತಂದರೆ ನಷ್ಟವೇನೂ ಇಲ್ಲ.