ಬಟವಾಡೆಯ ಶನಿವಾರ

ಉದ್ಯಮಿಯೊಬ್ಬರು ಪುಸ್ತಕ ಮಾಡಿಸಬೇಕೆಂದು ಮನಸ್ಸು ಮಾಡುವ ಹೊತ್ತಿಗೆ ಅವರ ಕಥೆ ಅವರ ಬಾಯಲ್ಲೇ ಸವೆದು ನುಣುಪಾಗಿರುತ್ತದೆ. ರೋಟರಿ ಸಭೆ, ಎಂಜಿನಿಯರಿಂಗ್ ಕಾಲೇಜಿನ ವಾರ್ಷಿಕೋತ್ಸವ, ರಾಜ್ಯೋತ್ಸವದ ಸನ್ಮಾನ, ಮಗಳ ಮದುವೆಗೆ ಬಂದ ಬೀಗರು, ಹೀಗೆ ಎಲ್ಲರ ಮುಂದೆಯೂ ಹೇಳಿ ಆಗಿರುತ್ತದೆ. ಹಳ್ಳಿ, ಬಡತನ, ತಾಯಿಯ ಆಶೀರ್ವಾದ, ಒಂದು ಬಾಡಿಗೆ ಶೆಡ್ಡು, ಕೈ ಹಿಡಿದ ದೇವರು, ಆಮೇಲೆ ಬೆಳವಣಿಗೆ. ಇದರಲ್ಲಿ ಸುಳ್ಳು ಏನೂ ಇರುವುದಿಲ್ಲ. ಆದರೆ ಮೊದಲ ಮಾತಿನಲ್ಲೇ ಕೊನೆ ಗೊತ್ತಿರುವವರು ಹೇಳುವ ಕಥೆ ಅದು. ಶೆಡ್ಡಿನ ಬಾಡಿಗೆ ಕಟ್ಟಲಾಗದೆ ಒದ್ದಾಡಿದ ತಿಂಗಳನ್ನು ವಿವರಿಸುವಾಗಲೂ ದನಿಯಲ್ಲಿ ಇವತ್ತಿನ ನೆಮ್ಮದಿಯೇ ಇರುತ್ತದೆ. ಆ ತಿಂಗಳಲ್ಲಿ ಆ ಮನುಷ್ಯನಿಗೆ ಮುಂದೇನಾಗುತ್ತದೆಂದು ಗೊತ್ತಿರಲಿಲ್ಲವಲ್ಲ, ಆ ಗೊತ್ತಿಲ್ಲದಿರುವಿಕೆಯನ್ನು ಕಾಗದದ ಮೇಲೆ ತರುವುದೇ ನಿರೂಪಕನ ಕೆಲಸ ಎಂದು ನಾನು ನಂಬಿದ್ದೇನೆ. ವಾಕ್ಯ ತಿದ್ದುವುದು, ಅಧ್ಯಾಯ ಜೋಡಿಸುವುದು ಎಲ್ಲ ಆಮೇಲಿನದು.

ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಹಿರಿಯರೊಬ್ಬರ ಆತ್ಮಕಥನಕ್ಕೆ ನಿರೂಪಕನಾಗಿ ಕೆಲಸ ಮಾಡಿದಾಗ ಇದು ನನಗೆ ಮನವರಿಕೆಯಾಯಿತು. ಒಂದು ಸೆಕೆಂಡ್‌ಹ್ಯಾಂಡ್ ಲೇತ್ ಇಟ್ಟುಕೊಂಡು, ದೊಡ್ಡ ಕಾರ್ಖಾನೆಗಳ ಜಾಬ್ ವರ್ಕ್ ಮಾಡುತ್ತ ಶುರುಮಾಡಿದವರು. ಈಗ ಅಲ್ಲಿ ಸಿ.ಎನ್.ಸಿ. ಯಂತ್ರಗಳ ಸಾಲು ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಅವರ ಮನೆಯ ವರಾಂಡದಲ್ಲಿ ಕೂತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಮೊದಮೊದಲ ಕಂತುಗಳನ್ನು ಬರಹಕ್ಕಿಳಿಸಿ ಓದಿದರೆ ಎಲ್ಲ ಭಾಷಣವೇ. ‘ನಮ್ಮ ಕಾರ್ಮಿಕರೇ ನಮ್ಮ ಕುಟುಂಬ’ ಎನ್ನುವ ಮಾತು ಮತ್ತೆ ಮತ್ತೆ ಬಂದಿತ್ತು. ಅವರು ಮನಸಾರೆ ಹೇಳಿದ್ದೇ ಹೌದು. ಓದುವವರಿಗೆ ಮಾತ್ರ ಅದರಿಂದ ಒಬ್ಬ ಕಾರ್ಮಿಕನ ಮುಖವೂ ಕಾಣುವುದಿಲ್ಲ.

ಒಂದು ಭಾನುವಾರ ಅವರ ಮನೆಯವರು ಬೀರುವಿನ ಕೆಳಗಿನ ಅರೆಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಮುಂದಿಟ್ಟರು. “ಇವು ಏನಾದ್ರೂ ಉಪಯೋಗಕ್ಕೆ ಬರ್ತಾವಾ ನೋಡಿ” ಅಂದರು. ಹೊಸ ವರ್ಷಕ್ಕೆ ಬ್ಯಾಂಕಿನವರು ಕೊಡುತ್ತಿದ್ದ ಡೈರಿಗಳು. ಕೆಲವು ಪುಟಗಳಿಗೆ ಯಂತ್ರದೆಣ್ಣೆಯ ಹೆಬ್ಬೆಟ್ಟಿನ ಗುರುತು. ದಿನಚರಿಯೇನಲ್ಲ, ಯಾರಿಗೆ ಎಷ್ಟು ಕೊಟ್ಟೆ, ಯಾರಿಂದ ಎಷ್ಟು ಬರಬೇಕು, ಕರೆಂಟ್ ಎಷ್ಟು ಹೊತ್ತು ಹೋಗಿತ್ತು, ಇಷ್ಟೇ. ಒಂದು ಶನಿವಾರದ ಪುಟದಲ್ಲಿ ಮೂರು ಸಾಲು: ಗುಜರಿಯವನು ಬಂದ. ಬಟವಾಡೆ ಆಯಿತು. ಟರ್ನರ್‌ಗೆ ಅರ್ಧ.

“ಇದೇನು ಸರ್?” ಅಂತ ಕೇಳಿದೆ.

“ಅದಾ? ಅದೇನಿಲ್ಲ ಬಿಡಿ ಸಾರ್. ಅದರಲ್ಲೇನಿದೆ ಬರೆಯೋಕೆ.”

ನಾನು ಸುಮ್ಮನಿದ್ದೆ. ಡೈರಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಮೇಲಕ್ಕೇರಿಸಿ, ಆ ಪುಟವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದರು: “ಪಾರ್ಟಿ ಪೇಮೆಂಟ್ ಬರ್ಲಿಲ್ಲ ಸಾರ್ ಆ ವಾರ. ಶನಿವಾರ ಬಟವಾಡೆ ಮಾಡ್ಲೇಬೇಕು. ಸಂಜೆ ಆಗ್ತಿದ್ದ ಹಾಗೆ ಹುಡುಗರು ಕೈ ತೊಳ್ಕೊಂಡು ಬಂದು ನಿಂತ್ಕೋತಾರೆ. ಏನೂ ಕೇಳಲ್ಲ, ಸುಮ್ನೆ ನಿಂತ್ಕೋತಾರೆ. ಲೇತ್ ಕೆಳಗೆ ಬಿದ್ದಿದ್ದ ಟರ್ನಿಂಗ್ಸ್ ಎಲ್ಲಾ ಮೂಟೆ ಕಟ್ಸಿ ಗುಜರಿಯವನ್ನ ಕರೆಸಿದೆ. ಅವನು ತೂಕ ಹಾಕೋವಾಗ ನಾನು ಹುಡುಗರ ಕಡೆ ನೋಡ್ಲಿಲ್ಲ. ಎಣಿಸಿದ್ರೆ ಸಾಲದು. ಆಗ ನಮ್ಮ ಟರ್ನರ್ ಹತ್ರ ಬಂದು, ಯಜಮಾನ್ರೇ ನಂಗೆ ಅರ್ಧ ಕೊಡಿ, ಸೋಮವಾರ ನೋಡ್ಕೊಳ್ಳೋಣ ಅಂದ. ಅವನ ಮನೇಲಿ ಆಗ ಬಾಣಂತಿ.”

‘ನಮ್ಮ ಕಾರ್ಮಿಕರೇ ನಮ್ಮ ಕುಟುಂಬ’ ಎಂಬ ಮಾತು ಆಮೇಲೆ ಪುಸ್ತಕದಲ್ಲಿ ಎಲ್ಲೂ ಬೇಕಾಗಲಿಲ್ಲ.

ಇಂಥ ಹಳೆಯ ಕಾಗದದ ಬೆಲೆಯನ್ನು ನನಗೆ ಮೊದಲು ತಿಳಿಸಿಕೊಟ್ಟದ್ದು ಆಲ್ಫ್ರೆಡ್ ಸ್ಲೋನ್ ಅವರ ‘ಮೈ ಇಯರ್ಸ್ ವಿತ್ ಜನರಲ್ ಮೋಟಾರ್ಸ್’. ಸ್ಲೋನ್ ಕೂಡ ಬಿಡಿಭಾಗ ಮಾಡುತ್ತಿದ್ದವರೇ. ಎಂ.ಐ.ಟಿ.ಯಲ್ಲಿ 1895ರಲ್ಲಿ ಎಂಜಿನಿಯರಿಂಗ್ ಮುಗಿಸಿ, ಹಯಾಟ್ ಎಂಬ ರೋಲರ್ ಬೇರಿಂಗ್ ಕಂಪನಿ ಸೇರಿ, ಮುಳುಗುತ್ತಿದ್ದ ಅದನ್ನು ನಿಲ್ಲಿಸಿ ಬೆಳೆಸಿದರು. ಆ ದಾರಿಯಲ್ಲೇ ಜನರಲ್ ಮೋಟಾರ್ಸ್‌ಗೆ ಬಂದು 1923ರಲ್ಲಿ ಅದರ ಅಧ್ಯಕ್ಷರಾದರು. 1950ರ ದಶಕದಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಪುಸ್ತಕ ಬರೆಯಲು ಅವರು ಜತೆಗೂಡಿದ್ದು ‘ಫಾರ್ಚೂನ್’ ಪತ್ರಿಕೆಯ ಜಾನ್ ಮೆಕ್‌ಡೊನಾಲ್ಡ್ ಎಂಬ ಬರಹಗಾರರೊಂದಿಗೆ. ಉದ್ಯಮದ ಇತಿಹಾಸಕಾರರಾಗಿ ಮುಂದೆ ದೊಡ್ಡ ಹೆಸರು ಮಾಡಿದ ಆಲ್ಫ್ರೆಡ್ ಚಾಂಡ್ಲರ್ ಆಗ ಇವರಿಗೆ ಸಂಶೋಧನೆಯಲ್ಲಿ ನೆರವಾದರು. ಎಂಬತ್ತರ ಅಂಚಿನ ಒಬ್ಬ ಯಶಸ್ವಿ ಮನುಷ್ಯನ ನೆನಪನ್ನಷ್ಟೇ ನೆಚ್ಚಿಕೊಂಡಿದ್ದರೆ ಪುಸ್ತಕ ಬೇಗ ಮುಗಿಯುತ್ತಿತ್ತು. ಮೆಕ್‌ಡೊನಾಲ್ಡ್ ಹಾಗೆ ಮಾಡಲಿಲ್ಲ. ಕಂಪನಿಯ ಹಳೆಯ ಟಿಪ್ಪಣಿ, ಸಭೆಯ ನಡಾವಳಿ, ಅಧಿಕಾರಿಗಳು ಒಬ್ಬರಿಗೊಬ್ಬರು ಬರೆದ ಪತ್ರ, ಎಲ್ಲವನ್ನೂ ತೆಗೆಸಿ, ಸ್ಲೋನ್ ಅವರ ಮುಂದಿಟ್ಟು ಮಾತನಾಡಿಸಿದರು.

ಇದರ ಫಲ ಆ ಪುಸ್ತಕದ ತಾಮ್ರದ ಎಂಜಿನ್ನಿನ ಅಧ್ಯಾಯದಲ್ಲಿ ಕಾಣುತ್ತದೆ. ನೀರು, ರೇಡಿಯೇಟರ್ ಎರಡೂ ಬೇಡ, ತಾಮ್ರದ ರೆಕ್ಕೆಗಳ ಮೇಲೆ ಗಾಳಿ ಹಾಯಿಸಿಯೇ ಎಂಜಿನ್ ತಂಪಾಗಿಡಬಹುದು ಎಂದು ಕಂಪನಿಯ ಮಹಾ ಸಂಶೋಧಕ ಚಾರ್ಲ್ಸ್ ಕೆಟರಿಂಗ್ ಹೊರಟರು. ಮೇಲಿನವರಿಗೆ ಅದರ ಮೇಲೆ ಅಪಾರ ಭರವಸೆ. ಕಾರು ತಯಾರಿಸುವ ವಿಭಾಗದವರಿಗೆ ಅನುಮಾನ. ಎರಡು ವರ್ಷ ಎಳೆದಾಟ ನಡೆದು, ಕೊನೆಗೆ 759 ಷೆವ್ರೊಲೆ ಕಾರುಗಳು ತಯಾರಾದವು. ಗ್ರಾಹಕರ ಕೈಸೇರಿದ್ದು ಸುಮಾರು 100. ದೂರುಗಳು ಬಂದು 1923ರಲ್ಲಿ ಎಲ್ಲವನ್ನೂ ವಾಪಸ್ ತರಿಸಿಕೊಳ್ಳಬೇಕಾಯಿತು. ಮನನೊಂದ ಕೆಟರಿಂಗ್ ರಾಜೀನಾಮೆಯ ಮಾತೆತ್ತಿದರು. ಗೆದ್ದ ಕಂಪನಿಯ ಗೆದ್ದ ಅಧ್ಯಕ್ಷ ಇದನ್ನು ಎರಡು ಸಾಲಿನಲ್ಲಿ ಮುಗಿಸಬಹುದಿತ್ತು. ಸ್ಲೋನ್ ಇದಕ್ಕೊಂದು ಇಡೀ ಅಧ್ಯಾಯ ಕೊಟ್ಟರು. ಪತ್ರಗಳು ಆಯಾ ಕಾಲದವಾದ್ದರಿಂದ, ಬರೆದವರಿಗೆ ಎಂಜಿನ್ ಗೆಲ್ಲುತ್ತದೋ ಸೋಲುತ್ತದೋ ಗೊತ್ತಿಲ್ಲ. ಓದುವ ನಮಗೂ ಆ ಆತಂಕ ಹತ್ತುತ್ತದೆ. ಪ್ರತಿಭಾವಂತನೊಬ್ಬನನ್ನು ಕಳೆದುಕೊಳ್ಳದೆ ಅವನ ಯೋಜನೆಯನ್ನು ನಿಲ್ಲಿಸುವುದು ಹೇಗೆಂದು ಸ್ಲೋನ್ ತಡಕಾಡುವುದು ಕಣ್ಣಿಗೆ ಕಟ್ಟುತ್ತದೆ. ಆಡಳಿತದ ಬಗ್ಗೆ ಎಷ್ಟು ಉಪದೇಶ ಬರೆದರೂ ಈ ತಡಕಾಟಕ್ಕೆ ಸಮ ಬರುತ್ತಿರಲಿಲ್ಲ.

ಹಸ್ತಪ್ರತಿ ಮುಗಿದ ಮೇಲೆ ಅದನ್ನು ತಡೆದದ್ದೂ ಆ ಕಾಗದಗಳೇ. ಜನರಲ್ ಮೋಟಾರ್ಸ್ ಆಗ ಅಮೆರಿಕದ ಕಾರು ಮಾರುಕಟ್ಟೆಯ ಅರ್ಧದಷ್ಟನ್ನು ಹಿಡಿದಿತ್ತು. ಏಕಸ್ವಾಮ್ಯದ ಆರೋಪ ಹೊರಿಸಿ ಸರ್ಕಾರ ಕಂಪನಿಯನ್ನು ಒಡೆಯಬಹುದು, ಅದಕ್ಕೆ ಈ ದಾಖಲೆಗಳೇ ಸಾಕ್ಷಿಯಾಗಬಹುದು ಎಂದು ಕಂಪನಿಯ ವಕೀಲರು ಹೆದರಿದರು. ಪುಸ್ತಕ ವರ್ಷಗಟ್ಟಲೆ ಕೂತಿತು. ಸ್ಲೋನ್ ತಮ್ಮದೇ ಕಂಪನಿಯ ಎದುರು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ನಿಂತವರು ಮೆಕ್‌ಡೊನಾಲ್ಡ್. ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯ ಮೇಲೆ ಈ ಒಬ್ಬ ಬರಹಗಾರ ದಾವೆ ಹೂಡಿದರು. ಕಂಪನಿ ಕೊನೆಗೆ ಬಗ್ಗಿತು, 1964ರಲ್ಲಿ ಪುಸ್ತಕ ಹೊರಬಂತು. ಎರಡು ವರ್ಷದ ನಂತರ ಸ್ಲೋನ್ ತೀರಿಕೊಂಡರು. ಇನ್ನೊಬ್ಬರ ಆತ್ಮಕಥೆಗಾಗಿ ಹೀಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮನುಷ್ಯನ ಬಗ್ಗೆ ನನಗೆ ಬಹಳ ಗೌರವವಿದೆ. ಆ ಹೋರಾಟದ ಕಥೆಯನ್ನು ಅವರು ಬರೆದಿಟ್ಟಿದ್ದರು. ಅದು ಪುಸ್ತಕವಾದದ್ದು 2002ರಲ್ಲಿ, ಅವರು ಇಲ್ಲವಾದ ಮೇಲೆ.

ನಮ್ಮ ಕಾಲದ ಪುಸ್ತಕವೊಂದನ್ನು ಹೇಳುವುದಾದರೆ ನೈಕಿ ಕಂಪನಿಯ ಫಿಲ್ ನೈಟ್ ಅವರ ‘ಶೂ ಡಾಗ್’. 2016ರದು. ಅದಕ್ಕೆ ನೆರವಾದವರು ಪುಲಿಟ್ಜರ್ ಪ್ರಶಸ್ತಿ ಪಡೆದ ಪತ್ರಕರ್ತ ಜೆ.ಆರ್. ಮೋರಿಂಜರ್. ಅಧ್ಯಾಯಗಳಿಗೆ ಹೆಸರಿಲ್ಲ, ಬರೀ ಇಸವಿ. 1962ಕ್ಕೆ ಶುರುವಾಗಿ, ಷೇರುಗಳು ಸಾರ್ವಜನಿಕರ ಕೈಗೆ ಹೋದ 1980ಕ್ಕೆ ಮುಖ್ಯ ಕಥೆ ನಿಲ್ಲುತ್ತದೆ. ನೈಕಿ ಎಂದರೆ ನಮಗೆ ನೆನಪಾಗುವ ವೈಭವವೆಲ್ಲ ಆಮೇಲಿನದು. 1975ರಲ್ಲಿ ಬ್ಯಾಂಕು ಇವರ ಸಹವಾಸವೇ ಬೇಡವೆಂದು ಕೈಬಿಡುತ್ತದೆ, ನಿಶೋ ಇವಾಯ್ ಎಂಬ ಜಪಾನಿ ಕಂಪನಿ ಸಾಲ ತೀರಿಸಿ ಉಳಿಸುತ್ತದೆ. ಆ ಭಾಗ ಓದುವಾಗ ಮುಂದೆ ನೈಕಿ ಏನಾಯಿತೆಂಬುದು ನನಗೆ ಮರೆತೇಹೋಗಿತ್ತು. ಇಸವಿಯ ಗೋಡೆ ಕಟ್ಟಿ ಲೇಖಕನನ್ನು ಅದರೊಳಗೇ ನಿಲ್ಲಿಸಿದ್ದು ಒಳ್ಳೆಯ ಸಂಪಾದನೆ. ಯಾರು ಹಾಗೆ ಸೂಚಿಸಿದರೋ, ಲೇಖಕರೋ ಜತೆಗಿದ್ದವರೋ, ಅದು ಮುಖ್ಯವಲ್ಲ.

ಪೀಣ್ಯದ ಹಿರಿಯರ ಜತೆ ಆ ಡೈರಿಯ ಭಾನುವಾರದ ನಂತರ ನಾನು ಪ್ರಶ್ನೆಗಳನ್ನು ಬದಲಿಸಿದೆ. ‘ಆಗ ನಿಮಗೆ ಏನನ್ನಿಸಿತು’ ಎಂದು ಕೇಳಿದರೆ ಭಾಷಣವೇ ಬರುತ್ತದೆ. ಆವತ್ತು ಶೆಡ್ಡಿನ ಬೀಗ ಯಾರು ತೆಗೆದರು, ಮೊದಲ ಆರ್ಡರಿನ ಪೀಸುಗಳನ್ನು ಯಾವುದರಲ್ಲಿ ಸಾಗಿಸಿದಿರಿ, ರಿಜೆಕ್ಟ್ ಆಗಿ ವಾಪಸ್ ಬಂದದ್ದು ಎಷ್ಟು, ಸಾಲದ ಕಾಗದಕ್ಕೆ ಜಾಮೀನು ಹಾಕಿದವರು ಯಾರು – ಇಂಥವನ್ನು ಕೇಳಿದರೆ ಮನುಷ್ಯ ಮಾತಾಡುತ್ತಾನೆ. ಹೇಳುತ್ತ ಹೇಳುತ್ತ ಅವರ ಕೈ ತಾನಾಗಿ ಚಕ್ ಬಿಗಿಮಾಡುವ ಹಾಗೆ ತಿರುಗುತ್ತಿತ್ತು. ಗೇಜಿನಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚಾಗಿ ಇಡೀ ಲಾಟು ವಾಪಸ್ ಬಂದದ್ದನ್ನು ಹೇಳುವಾಗ, ಅಷ್ಟು ವರ್ಷದ ಮೇಲೂ, ಮುಖ ಕೆಂಪಾಯಿತು.

ಭಾಷೆಯ ವಿಷಯದಲ್ಲಿ ನನ್ನದು ಹಟ. ಅವರು ‘ಜಾಬ್ ವರ್ಕ್’ ಅಂದದ್ದನ್ನು ‘ಗುತ್ತಿಗೆ ಕಾರ್ಯ’ ಮಾಡಲು, ‘ಪಾರ್ಟಿ ಪೇಮೆಂಟ್’ ಅನ್ನು ‘ಗ್ರಾಹಕರ ಪಾವತಿ’ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಬಟವಾಡೆ, ಗುಜರಿ, ಕೈಸಾಲ, ಬಾಕಿ ಇವೆಲ್ಲ ಅವರು ದಿನಾ ಆಡಿದ ಮಾತುಗಳು. ಅವನ್ನು ಕಿತ್ತರೆ ಪುಸ್ತಕ ಕಂಪನಿಯ ವಾರ್ಷಿಕ ವರದಿಯಂತೆ ಓದಿಸಿಕೊಳ್ಳುತ್ತದೆ. ಮಾತಿನ ಪುನರಾವರ್ತನೆ ತೆಗೆಯಬೇಕು, ಕಾಲದ ಗೊಂದಲ ಸರಿಪಡಿಸಬೇಕು, ಮೂರು ಭಾನುವಾರಗಳಲ್ಲಿ ಚೂರುಚೂರಾಗಿ ಬಂದದ್ದನ್ನು ಒಂದೆಡೆ ಸೇರಿಸಬೇಕು. ಇಷ್ಟು ಮಾಡಿದ ಮೇಲೂ ಅವರ ಹೆಂಡತಿ ಓದಿ ‘ಇದು ಇವರೇ ಮಾತಾಡಿದ ಹಾಗಿದೆ’ ಅನ್ನಬೇಕು. ಅದಕ್ಕಿಂತ ದೊಡ್ಡ ಪರೀಕ್ಷೆ ನನಗೆ ಗೊತ್ತಿಲ್ಲ.

ಹೆಸರಿನ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲ ಪದ್ಧತಿಯೂ ಇದೆ. ಹೆನ್ರಿ ಫೋರ್ಡ್ ಅವರ 1922ರ ಪುಸ್ತಕದಲ್ಲಿ ಸ್ಯಾಮ್ಯುಯೆಲ್ ಕ್ರೌದರ್ ಹೆಸರಿದೆ. ಕ್ರೈಸ್ಲರ್ ಕಂಪನಿಯನ್ನು ಮೇಲೆತ್ತಿದ ಲೀ ಐಯಕೋಕಾ ಅವರ 1984ರ ಆತ್ಮಕಥೆಯಲ್ಲಿ ವಿಲಿಯಂ ನೊವಾಕ್ ಹೆಸರಿದೆ. ಅದು ಲಕ್ಷಗಟ್ಟಲೆ ಮಾರಾಟವಾಯಿತು. ನಮ್ಮ ಅಮುಲ್‌ನ ವರ್ಗೀಸ್ ಕುರಿಯನ್ ತಮ್ಮ ಬದುಕನ್ನು ಗೌರಿ ಸಾಲ್ವಿ ಅವರಿಗೆ ಹೇಳಿ ಬರೆಸಿದ್ದು 2005ರಲ್ಲಿ, ಅಲ್ಲೂ ಹೆಸರಿದೆ. ಮುಖಪುಟದಲ್ಲಿ ಹೆಸರೇ ಇಲ್ಲದ ಪುಸ್ತಕಗಳೂ ಬೇಕಾದಷ್ಟಿವೆ. ಕನ್ನಡದಲ್ಲಿ ‘ನಿರೂಪಣೆ’ ಎಂದು ಹಾಕಿ ಹೆಸರು ಅಚ್ಚು ಮಾಡುವುದು ನಡೆದುಬಂದ ರೂಢಿ. ಅನಂತಮೂರ್ತಿಯವರಂಥ ದೊಡ್ಡ ಲೇಖಕರೇ ‘ಸುರಗಿ’ಯನ್ನು ಜ.ನಾ. ತೇಜಶ್ರೀ ಅವರ ನಿರೂಪಣೆಯಲ್ಲಿ ಕೊಟ್ಟರು. ಅದರಿಂದ ಅವರ ಘನತೆ ಕುಂದಲಿಲ್ಲ. ಹಾಗಿರುವಾಗ ಉದ್ಯಮಿಯೊಬ್ಬರು ಸಂಕೋಚಪಡುವ ಕಾರಣವೇ ಇಲ್ಲ. ಬರೆದವರ ಹೆಸರಿದ್ದರೆ ಓದುಗರಿಗೂ ಪುಸ್ತಕದ ಮೇಲೆ ನಂಬಿಕೆ ಹೆಚ್ಚುತ್ತದೆ. ಇನ್ನು ಸಂಭಾವನೆ, ರೆಕಾರ್ಡಿಂಗ್ ಯಾರ ವಶ, ಕೊನೆಯ ಕರಡಿಗೆ ಒಪ್ಪಿಗೆ ಯಾರದು, ಇವನ್ನು ಮೊದಲ ದಿನವೇ ಕಾಗದದ ಮೇಲೆ ಬರೆದುಕೊಂಡುಬಿಡುವುದು ಒಳ್ಳೆಯದು. ಸ್ನೇಹ ಉಳಿಯುತ್ತದೆ.

ನಮ್ಮ ಪುಸ್ತಕಕ್ಕೆ ಅಡ್ಡಿ ಬಂದದ್ದು ಮನೆಯೊಳಗಿಂದ. ಈಗ ಕಾರ್ಖಾನೆ ನೋಡಿಕೊಳ್ಳುವ ಮಗ ಕರಡು ಓದಿ, ಹಳೆಯ ಪಾಲುದಾರರ ಅಧ್ಯಾಯ ಬೇಡವೆಂದರು. ಮೊದಲ ಲೇತ್ ಕೊಂಡಾಗ ಜತೆಗಿದ್ದ ಗೆಳೆಯರು, ಆಮೇಲೆ ಲೆಕ್ಕದ ವಿಷಯಕ್ಕೆ ಮಾತು ಬೆಳೆದು ಬೇರೆಯಾದವರು. “ಅಂಕಲ್, ಓದಿದ ಕಸ್ಟಮರ್ಸ್ ಏನಂದ್ಕೋತಾರೆ? ಅಪ್ಪ ಜಗಳಗಂಟ ಅನ್ಕೊಳ್ಳಲ್ವಾ?” ಎನ್ನುವುದು ಅವರ ಚಿಂತೆ. ಮಗನಾಗಿ ಹಾಗೆ ಯೋಚಿಸಿದ್ದು ಸಹಜವೇ. ಆದರೆ ಆ ಅಧ್ಯಾಯ ತೆಗೆದರೆ ಮೊದಲ ಲೇತ್ ಆಕಾಶದಿಂದ ಬಿದ್ದಂತಾಗುತ್ತದೆ, ಗುಜರಿಯ ಶನಿವಾರದಲ್ಲಿ ಗಲ್ಲಾ ಯಾಕೆ ಖಾಲಿಯಿತ್ತೆಂಬುದೂ ಅರ್ಥವಾಗುವುದಿಲ್ಲ. ಹೆಸರು ಬಿಡೋಣ, ಘಟನೆ ಬಿಡುವುದು ಬೇಡ ಎಂದು ನಾನು ವಾದಿಸಿದೆ. ಹಿರಿಯರು ಇಬ್ಬರ ಮಾತನ್ನೂ ಕೇಳಿಕೊಂಡು ಏನೂ ಹೇಳಲಿಲ್ಲ. ಕರಡಿನಿಂದ ಆ ಹಾಳೆಗಳನ್ನಷ್ಟೇ ತೆಗೆದು ಪಕ್ಕಕ್ಕಿಟ್ಟುಕೊಂಡರು.

ಮುಂದಿನ ಭಾನುವಾರ ಹೋದಾಗ ಆ ಹಾಳೆಗಳ ಅಂಚಿನಲ್ಲಿ ಬೇರೊಬ್ಬರ ಕೈಬರಹ ಇತ್ತು. ರಾಜಾಜಿನಗರದಲ್ಲಿರುವ ಆ ಗೆಳೆಯರ ಮನೆಗೆ, ಇಷ್ಟು ವರ್ಷದ ಮೇಲೆ, ಇವರೇ ಅಧ್ಯಾಯ ತೆಗೆದುಕೊಂಡು ಹೋಗಿದ್ದರು. “ಓದಪ್ಪ, ನಿನಗೆ ಒಪ್ಪಿಗೆಯಾದರೆ ಹಾಕ್ತೀನಿ, ಇಲ್ಲಾಂದ್ರೆ ಬಿಡ್ತೀನಿ ಅಂದೆ ಸಾರ್. ಕಾಫಿ ಆರಿಹೋಯ್ತು, ಅಷ್ಟು ಹೊತ್ತು ಓದಿದ” ಎಂದರು. ಅವರು ಒಪ್ಪಿದ್ದರು, ಎರಡು ಕಡೆ ತಿದ್ದಿಯೂ ಇದ್ದರು. ಮೊದಲ ಲೇತ್ ಕೊಯಮತ್ತೂರಿನದಲ್ಲ, ರಾಜಕೋಟದ್ದು. ಬೇರೆಯಾದ ದಿನ ಕೀಲಿ ಕೊಟ್ಟು ಎದ್ದುಹೋದದ್ದು ತಾವಲ್ಲ, ಇವರು. ಹಿರಿಯರು ಎರಡನೆಯದರ ಮೇಲೆ ಬೆರಳಿಟ್ಟು, “ಹೌದು, ಅವನು ಹೇಳಿದ್ದೇ ಸರಿ, ಹಾಗೇ ಹಾಕಿ” ಅಂದರು. ಎರಡೂ ತಿದ್ದುಪಡಿಯನ್ನು ಸೇರಿಸಿ ಅಧ್ಯಾಯವನ್ನು ಅಚ್ಚಿಗೆ ಕಳಿಸಿದೆ.